ಬೀಸುಕಲ್ಲಿನ ಪದದ ಪ್ರಾಜೆಕ್ಟ್ ಮುಗೀತು, ಅವಲೋಕನ ಬರಹದಾಗ ತಪ್ಪುಗಳನ್ನ ಹೆಂಗ ಬರೀಬೇಕು?

ಕುಷ್ಟಗಿ_ಕಡೆಯಾಕಿ

ಎಲ್ಲಾರಿಗೂ ಶರಣ್ರಿ.

10ನೇ ತರಗತಿ, ಕುಷ್ಟಗಿ ತಾಲ್ಲೂಕು. ಸಾಲಿಯಾಗ ಪ್ರತಿಯೊಬ್ಬರೂ ಒಂದೊಂದು ಸ್ವಂತ ಪ್ರಾಜೆಕ್ಟ್ ಮಾಡಬೇಕಿತ್ತು, ನಂದು ಸಂಗೀತ. ಆಡಿಯೋ ಒಪ್ಪಿಸಿ ಆಯ್ತು. ಉಳಿದಿದ್ದು 1000 ಶಬ್ದದ ಅವಲೋಕನ ಬರಹ ಮತ್ತ 5 ನಿಮಿಷದ ಮೌಖಿಕ. ಸೋಮವಾರ ಕೊಡಬೇಕ್ರಿ. ಮೊದಲನೇ ಕರಡು ವಾಪಸ್ ಬಂದೈತಿ. "ತಾಳ್ಮೆ ಕಲಿತೆ, ಜಾನಪದದ ಮಹತ್ವ ತಿಳಿಯಿತು ಅಂತ ಬರೆದೀಯಲ್ಲ, ನೀನು ಏನು ಮಾಡಿದಿ ಅನ್ನೋದ ಇಲ್ಲಿಲ್ಲ" ಅಂತ ಟೀಚರ್ ಬರೆದಾರ. ಆಡಿಯೋ ತಿದ್ದಿ ಇನ್ನೊಮ್ಮೆ ಕೊಡಾಕ ಬಿಟ್ಟಾರ, ಆದ್ರ ಮೊದಲಿನದೂ ಜೊತಿಗೆ ಇರಬೇಕು.

ಮಾಡಿದ್ದು ಇಷ್ಟು. ಅಜ್ಜಿ ಮತ್ತ ಓಣಿಯ ಇನ್ನಿಬ್ಬರು ಹಿರೇರು ಜೋಳ ಬೀಸಿಕೋಂತ ಹಾಡಿದ ಪದ, 4 ನುಡಿ, ಫೋನಿನ್ಯಾಗ ಒಂದೇ ಟೇಕ್, 4 ನಿಮಿಷ 20 ಸೆಕೆಂಡ್. ಅದರ ಮ್ಯಾಲೆ ಹಾರ್ಮೋನಿಯಂ, ಕೆಹರವಾ ತಾಳದ ತಬಲಾ, ಚೌಡಿಕೆ (ಜೋಗತಿಯರ ತಂತಿ ವಾದ್ಯ), ಕೆಳಗ ತಂಬೂರಿ ಆ್ಯಪ್. ನುಡಿ ನುಡಿ ನಡುವಿನ ಹಾರ್ಮೋನಿಯಂ ತುಣುಕು ಮತ್ತ ಮುಕ್ತಾಯ ನಾನೇ ಕಟ್ಟಿದ್ದು. ಸಾಲಿ ಕಂಪ್ಯೂಟರಿನ್ಯಾಗ ಆಡಾಸಿಟಿ ಅನ್ನೋ ಆಡಿಯೋ ತಿದ್ದೋ ಸಾಫ್ಟ್‌ವೇರಿನೊಳಗ ಕೂಡಿಸೀನಿ.

ಕೆಟ್ಟಿದ್ದು ಇಷ್ಟು:

1. ಅಜ್ಜಿಯವರ ಶ್ರುತಿ ಹಾರ್ಮೋನಿಯಂ ಪೇಟಿಯ ಕರಿ 5ರ (ಐದನೇ ಕರಿ ಕೀಲಿ) ಹತ್ರ, ನನಗ ಪೇಟಿ ರೂಢಿ ಇದ್ದದ್ದು ಕರಿ 1ಕ್ಕೆ. ಅದಕ್ಕ ಹಾಡನ್ನ ಮ್ಯಾಲೆ ಎತ್ತೀನಿ. ದನಿ ಸಣ್ಣ ಹುಡುಗರ ಗೊಂಬಿ ಮಾತಾಡಿದಂಗ ಆಗೈತಿ. ಇಷ್ಟಾದ್ರೂ ಕೊನೀ ನುಡಿಯೊಳಗ ಪೇಟಿಗೂ ಹಾಡಿಗೂ ಕೂಡಂಗಿಲ್ಲ.
2. ಮೆಟ್ರೋನೋಮ್ (ಲಯದ ಕ್ಲಿಕ್) ನಿಮಿಷಕ್ಕ 84ಕ್ಕೆ ಇಟ್ಟು ತಬಲಾ ನುಡಿಸಿದ್ದು. ಶುರುವಿನ್ಯಾಗ ಸರಿ ಕೂಡತೈತಿ, ಮುಗಿಯೋ ಹೊತ್ತಿಗೆ ತಬಲಾ ಅರ್ಧ ಮಾತ್ರೆ (ತಾಳದ ಒಂದು ಎಣಿಕೆಯ ಅರ್ಧ) ಹಿಂದ ಬೀಳತೈತಿ.
3. ಚೌಡಿಕೆ ಒಡೆದಂಗ ಕೇಳತೈತಿ.
4. ಫ್ಯಾನಿನ ಸದ್ದು ತೆಗಿಯಾಕ ಹೋಗಿ ಹಾಡು ನೀರೊಳಗಿಂದ ಬಂದಂಗ ಆತು.
5. ಫೋನಿನ್ಯಾಗ ಡಗ್ಗಾ (ತಬಲಾ ಜೋಡಿಯ ದಪ್ಪ ದನಿಯದು) ಕೇಳಂಗಿಲ್ಲ, ಸಾಲಿ ಸೌಂಡ್ ಬಾಕ್ಸಿನ್ಯಾಗ ಬರೀ ಡಗ್ಗಾನ ಕೇಳತೈತಿ.

ಇದರಾಗ ಯಾವುದು ರಿಪೇರಿ ಆಕ್ಕೈತಿ? ಬರಹದಾಗ ಇದನ್ನೆಲ್ಲ ಹೇಳಿದ್ರ ಅಂಕ ಹೋಗ್ತಾವೇನ್ರಿ?

---

ಡಗ್ಗಾ_ರಾಯಚೂರು

ತಂಗಿ, ಎರಡನೇದಕ್ಕ ಉತ್ತರ ಲೆಕ್ಕದಾಗೇ ಅದ, ಕೈ ತಪ್ಪಿದ್ದಲ್ಲ.

4 ನಿಮಿಷ 20 ಸೆಕೆಂಡ್ ಅಂದ್ರ 260 ಸೆಕೆಂಡ್. ನಿಮಿಷಕ್ಕ 84ರಂಗ 364 ಮಾತ್ರೆ. ಹಿರೇರು ಅದೇ ಹೊತ್ತಿನ್ಯಾಗ 364ರ ಬದಲಿ 364ವರೆ ಮಾತ್ರೆ ಹಾಡಿದ್ರ ಅವರ ಸರಾಸರಿ 84.12 ಆಗ್ತದ. ನೀ ಎಣಿಸಿ 84 ಅಂತ ಹಾಕ್ದಿ, ಬಿಟ್ಟುಹೋದ ಆ 0.12 ಕೊನೀಗೆ ಅರ್ಧ ಮಾತ್ರೆ ಆಗಿ ಕುಂತದ. ಒಂದು ಮಾತ್ರೆ 0.714 ಸೆಕೆಂಡ್, ಅರ್ಧ ಅಂದ್ರ 0.357. 0.12ರಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಮೊದಲ ಹತ್ತು ಆವರ್ತನದಾಗ (ತಾಳದ ಸುತ್ತಿನ್ಯಾಗ) ಸಿಗಂಗಿಲ್ಲ.

ಇದಕ್ಕ ಮುಂಚೆ ಒಂದು ಪರೀಕ್ಷೆ ಮಾಡು. ತಬಲಾದ ತಡ ಶುರುವಿನಿಂದ ಕೊನೀತನ ಒಂದೇ ಅಳತೆ ಇದ್ದಿದ್ರ ಅದು ಬ್ಲೂಟೂತ್ ಇಯರ್‌ಫೋನಿನ ತಡ. ಕ್ಲಿಕ್ ಕಿವಿಗೆ ಮುಟ್ಟೋದ 150ರಿಂದ 250 ಮಿಲಿಸೆಕೆಂಡ್ ತಡ ಆಗ್ತದ, ಟ್ರ್ಯಾಕನ್ನ ಪೂರಾ ಮುಂದಕ್ಕ ಸರಿಸಿದ್ರ ಮುಗೀತು. ನಿಂದು ಬರಬರುತ್ತ ಹೆಚ್ಚಾಗೇದ ಅಂದ್ರ ಲಯದ್ದೇ ವ್ಯತ್ಯಾಸ. ಒಂದು ಟ್ರ್ಯಾಕ್ 44,100, ಇನ್ನೊಂದು 48,000 ಹರ್ಟ್ಜ್ ಅಂತ ತಪ್ಪಾಗಿ ಓದಿಸಿದ್ರೂ ಸರೀತದ, ಆದ್ರ ಆವಾಗ ಲಯದ ಜೊತಿಗೆ ಶ್ರುತಿನೂ ಸುಮಾರು ಒಂದೂವರೆ ಪಟ್ಟಿ (ಪಟ್ಟಿ ಅಂದ್ರ ಪೇಟಿಯ ಒಂದು ಕೀಲಿಯಿಂದ ಮುಂದಿನ ಕೀಲಿಗೆ ಇರೋ ಅಂತರ, ಸೆಮಿಟೋನ್) ಸರಿದು ಮೊದಲನೇ ಸೆಕೆಂಡಿಗೇ ಗೊತ್ತಾಗ್ತದ. ಹಂಗಾಗಿ ಅದೂ ಅಲ್ಲ.

ರಿಪೇರಿ ಹಿಂಗ:

ತಬಲಾ ಟ್ರ್ಯಾಕನ್ನ ಹಿಗ್ಗಿಸಿ ಕುಗ್ಗಿಸಬ್ಯಾಡ, ನಾದ ಮಂಕಾಗ್ತದ. ಕೆಹರವಾ 8 ಮಾತ್ರೆ, 84ರ ಲಯದಾಗ ಒಂದು ಆವರ್ತನ 5.71 ಸೆಕೆಂಡ್. ನಾಲ್ಕು ಆವರ್ತನಕ್ಕೊಮ್ಮೆ, ಅಂದ್ರ ಸುಮಾರು 23 ಸೆಕೆಂಡಿಗೆ ಒಂದು ಸಲ, ಸಮ್‌ನ (ತಾಳದ ಮೊದಲ ಮಾತ್ರೆ) 'ಧಾ' ಬೀಳೋಕ್ಕಿಂತ ತುಸು ಮೊದಲು ಕತ್ತರಿಸು (ಕಂಟ್ರೋಲ್ ಮತ್ತು ಐ). ಅಲ್ಲಿಂದ ಮುಂದಿನ ತುಂಡನ್ನ ಮುಂದಕ್ಕ ಎಳಿ. ತಡ ಒಂದೇ ಸಮ ಏರಿದ್ರ ಪ್ರತಿ ಸಲಕ್ಕ 31 ಮಿಲಿಸೆಕೆಂಡ್ ಬರ್ತದ. ತಬಲಾ ಹಿಂದ ಬಿದ್ದದ್ದಕ್ಕ ಮುಂದಕ್ಕ ಎಳೀತಿ, ಹಂಗಾಗಿ ನಡುವ ಖಾಲಿ ಬೀಳಂಗಿಲ್ಲ, ಹಿಂದಿನ ತುಂಡಿನ ಬಾಲ ಅಷ್ಟು ಕತ್ತರಿಸಿಹೋಗ್ತದ. ಕೂಡಿಸಿದ ಜಾಗದಾಗ 5ರಿಂದ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ಇಳಿಕೋಂತ ಇನ್ನೊಂದು ಏರೋದು) ಕೊಡು, ಇಲ್ಲಾಂದ್ರ 'ಟಿಕ್' ಅಂತದ. 'ಧಾ ಗೆ ನಾ ತಿ | ನಾ ಕ ಧಿ ನಾ' ಒಳಗ ಕೊನೀ 'ನಾ' ಮುಗಿದ ಮ್ಯಾಲಿನ ಗ್ಯಾಪ್ ಕತ್ತರಿಸೋಕೆ ಎಲ್ಲಕ್ಕಿಂತ ಸುರಕ್ಷಿತ ಜಾಗ. 'ಗೆ' ಮತ್ತ 'ಧಿ' ಆದ ಮ್ಯಾಲೆ ಮಾತ್ರ ಕತ್ತರಿ ಹಾಕಬ್ಯಾಡ, ಡಗ್ಗಾದ ಗುಂಯ್ ಇನ್ನೂ ನಡದಿರ್ತದ.

31 ಅನ್ನೋದು ಸರಾಸರಿ. ನಿಜವಾದ ಅಳತೆ ಎಲ್ಲಿ ಅದ ಗೊತ್ತೇನು? ಬೀಸುಕಲ್ಲಿನ್ಯಾಗ. ಕಲ್ಲು ಎಷ್ಟು ಮಾತ್ರೆಗೆ ಒಂದು ಸುತ್ತು ಬರ್ತದ ನೋಡು. ಮೂಲ ಟ್ರ್ಯಾಕಿನ ಅಲೆ ದೊಡ್ಡದು ಮಾಡಿದ್ರ ಪ್ರತಿ ಸುತ್ತಿಗೊಂದು ಉಬ್ಬು ಕಾಣ್ತದ. ನುಡಿಸಿಕೋಂತ ಹೋಗಿ ಪ್ರತಿ ಉಬ್ಬಿಗೆ ಕಂಟ್ರೋಲ್ ಮತ್ತು ಎಂ ಒತ್ತಿ ಲೇಬಲ್ ಹಾಕು, ಆಮ್ಯಾಲೆ ಎರಡು ಲೇಬಲ್ ನಡುವಿನ ಹೊತ್ತು ಬರಕೋ. ಕಾಳು ಹಾಕಿದ ಜಾಗದಾಗ ಸುತ್ತು ಉದ್ದ ಆಗೇದೋ ಇಲ್ಲೋ ಅದನ್ನೂ ನೋಡು. ತಬಲಾ ಕೂಡಬೇಕಾದದ್ದು ಆ ಕಲ್ಲಿಗೆ, ಮೆಟ್ರೋನೋಮಿಗೆ ಅಲ್ಲ.

ಇನ್ನೊಂದು ಮಾತು. ಬ್ಯಾಸಗಿಯೊಳಗ ಮಧ್ಯಾಹ್ನ ತಬಲಾ ಕೂಡಿಸಿ ಸಂಜೀಗೆ ರೆಕಾರ್ಡ್ ಮಾಡಿದ್ರ ಶ್ರುತಿ ಇಳಿದಿರ್ತದ. ಒಣ ಬಿಸಿಲಿಗೆ ಪುಡಿ (ತಬಲಾದ ಚರ್ಮ) ಬಿಗೀತದ, ತಂಪಾದ ಮ್ಯಾಲೆ ಸಡಲ್ತದ. ಪ್ರತಿ ಟೇಕಿಗೆ ಮೊದಲು 'ನಾ' ಬಾರಿಸಿ ಪೇಟಿಗೆ ಹಿಡಿದು ನೋಡಬೇಕು, ತುಸು ವ್ಯತ್ಯಾಸ ಇದ್ರ ಗಜರಿಗೆ (ಅಂಚಿನ ಹೆಣಿಗಿ) ಸುತ್ತಿಗಿ, ಹೆಚ್ಚಿದ್ರ ಗಟ್ಟಾಕ್ಕ (ಪಕ್ಕದ ಮರದ ತುಂಡು).

---

ಪೇಟಿ_ಬಳ್ಳಾರಿ

ಒಂದನೆಯದು ನನ್ನ ವಿಷಯ.

ಕರಿ 5ರಿಂದ ಕರಿ 1ಕ್ಕೆ ಎತ್ತುವುದೆಂದರೆ ಮೂರು ಪಟ್ಟಿ. ಕಂಪನಗಳ ಸಂಖ್ಯೆ (ಹರ್ಟ್ಜ್) ಶೇ. 19ರಷ್ಟು ಏರುತ್ತದೆ. ಸಾ ಒಂದೇ ಏರಿದರೆ ತೊಂದರೆಯಿರಲಿಲ್ಲ. ಬಾಯಿ, ಗಂಟಲಿನ ಆಕಾರದಿಂದ ದನಿಗೆ ಬರುವ ಬಣ್ಣವೂ ಅಷ್ಟೇ ಮೇಲೆ ಸರಿಯುತ್ತದೆ. ಗಂಟಲು ಚಿಕ್ಕದಾದಂತೆ ಕೇಳುತ್ತದೆ, ಅದಕ್ಕೇ ಗೊಂಬೆಯ ದನಿ. ಒಂದು ಪಟ್ಟಿಯೊಳಗೆ ಸರಿಸಿದರೆ ಕಿವಿ ಸಾಮಾನ್ಯವಾಗಿ ಕ್ಷಮಿಸುತ್ತದೆ, ಮೂರಕ್ಕೆ ಕ್ಷಮಿಸುವುದಿಲ್ಲ.

ಎಪ್ಪತ್ತು ವರ್ಷದ ದನಿಯನ್ನು ಪೇಟಿಗೆ ಎಳೆಯಬಾರದು, ಪೇಟಿಯನ್ನು ದನಿಗೆ ತರಬೇಕು. ಸ್ಕೇಲ್ ಚೇಂಜರ್ ಪೇಟಿಯಾದರೆ ಪಟ್ಟಿಯ ಹಲಗೆಯನ್ನೇ ಸರಿಸಿಕೊಳ್ಳಿ, ಬೆರಳು ಕರಿ 1ರ ರೂಢಿಯಲ್ಲೇ ಇರಲಿ. ಸಾದಾ ಪೇಟಿಯಾದರೆ ಕರಿ 5ನ್ನೇ ಸಾ ಮಾಡಿ ಕಲಿಯಬೇಕು: ಸಾ ಕರಿ 5, ರಿ ಬಿಳಿ 1, ಗ ಬಿಳಿ 2, ಮ ಕರಿ 2, ಪ ಬಿಳಿ 4. ಬೀಸುಕಲ್ಲಿನ ಪದಗಳ ಹರವು ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ಎರಡು ದಿನದ ಅಭ್ಯಾಸ ಸಾಕು.

ಕೊನೆಯ ನುಡಿ ಕೂಡದಿರುವುದಕ್ಕೆ ಕಾರಣ ಬೇರೆ. ಶ್ರುತಿಯ ಆಧಾರವಿಲ್ಲದೆ, ಕೈಯಲ್ಲಿ ಕೆಲಸ ಮಾಡುತ್ತ ಹಾಡುವಾಗ ದನಿ ನಿಧಾನವಾಗಿ ಏರುವುದುಂಟು. ಅದನ್ನು ಅಳೆಯಿರಿ. ಪ್ರತಿ ನುಡಿಯಲ್ಲಿ ಸಾ ಮೇಲೆ ಎಳೆದು ನಿಂತ ಒಂದು ಸ್ವರವನ್ನು ಆಯ್ದು, ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ, ಸೈಜ್ 16384 ಇರಲಿ. ಕರಿ 5 ಎಂದರೆ 233 ಹರ್ಟ್ಜ್, ಅದರ ಮುಂದಿನ ಬಿಳಿ 7 ಎಂದರೆ 247. ಕೆಳಗಿನ ಶಿಖರವನ್ನು ಓದುವ ಬದಲು ಅದರ ನಾಲ್ಕು ಪಟ್ಟಿನ ಶಿಖರ ನೋಡಿ (ಸುಮಾರು 932ರ ಹತ್ತಿರ), ನಾಲ್ಕರಿಂದ ಭಾಗಿಸಿ. ಅಳತೆ ನಾಲ್ಕು ಪಟ್ಟು ನಿಖರವಾಗುತ್ತದೆ. ಪೇಟಿಯ ಕರಿ 5ನ್ನೂ ಹೀಗೆಯೇ ಅಳೆಯಿರಿ, ಹಳೆಯ ಪೇಟಿಗಳು ಎಷ್ಟೋ ಸಲ 440ರ ಲೆಕ್ಕದಲ್ಲಿ ಇರುವುದಿಲ್ಲ.

ಪ್ರತಿ ನುಡಿಗೂ ಬಂದ ವ್ಯತ್ಯಾಸದಷ್ಟನ್ನು ಚೇಂಜ್ ಪಿಚ್‌ನ ಸೆಮಿಟೋನ್ ಖಾನೆಯಲ್ಲಿ ಋಣ ಸಂಖ್ಯೆಯಾಗಿ ಹಾಕಿದರೆ ನಾಲ್ಕೂ ನುಡಿ ಒಂದೇ ಸಾಗೆ ಬರುತ್ತವೆ.

ಇನ್ನು ತಂಬೂರಿ ಆ್ಯಪ್. ತಂಬೂರಿಯ ನಾದದೊಳಗೇ ಒಂದು ಗಾಂಧಾರ ಹುಟ್ಟುತ್ತದೆ, ಅದು ಸಾದ ಒಂದೂಕಾಲು ಪಟ್ಟು: 233ಕ್ಕೆ 291.3. ಪೇಟಿಯ ಬಿಳಿ 2 ಇರುವುದು 293.7ಕ್ಕೆ. ಎರಡೂ ಒಟ್ಟಿಗೆ ನಿಂತರೆ ಸೆಕೆಂಡಿಗೆ ಎರಡಕ್ಕಿಂತ ತುಸು ಹೆಚ್ಚು ಸಲ ಅಲುಗಿದಂತೆ ಕೇಳುತ್ತದೆ. ಅಜ್ಜಿಯ ಗಾಂಧಾರ ಪೇಟಿಗಿಂತ ತುಸು ಕೆಳಗಿದ್ದರೆ ಅದು ಬೇಸುರ ಎಂದು ಬರೆಯಬೇಡಿ. ಸರಿಯಿರುವುದು ಅಜ್ಜಿಯದೇ. ಗಾಂಧಾರದ ಮೇಲೆ ಪೇಟಿಯನ್ನು ಉದ್ದಕ್ಕೆ ನಿಲ್ಲಿಸದೆ ಮುಟ್ಟಿ ಬಿಡಿ, ಅಲುಗು ಕೇಳಿಸುವುದಿಲ್ಲ.

---

ಕೌದಿ_ಕಟ್ಟಿದ_ಕೋಣೆ

3, 4, 5ಕ್ಕೆ.

ಚೌಡಿಕೆ: ಹುಲಿಗಿಯ ಹುಣ್ಣಿಮೆಯ ದಿನ ಜೋಗತಿಯರ ಮೇಳದ ಹತ್ತಿರ ನಿಂತು ಕೇಳಿದವರಿಗೆ ಗೊತ್ತು, ಅದರ ಪೆಟ್ಟು ಎಷ್ಟು ಚೂಪು ಅಂತ. ಮರದ ಕೊಳಗದ ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ತಂತಿ. ಮೀಟಿದ ಕ್ಷಣಕ್ಕೆ ಚರ್ಮವೇ ಗುಂಡಿನಂಗೆ ಹಾರುತ್ತೆ, ಮರುಕ್ಷಣ ಇಳಿಯುತ್ತೆ. ಫೋನಿನ ಮೀಟರ್ ನಿಧಾನ, ಆ ಕ್ಷಣವನ್ನ ತೋರಿಸೋದೇ ಇಲ್ಲ. ಮೀಟರ್ ಹಸಿರಲ್ಲೇ ಇದ್ದರೂ ಒಳಗೆ ಒಡೆದಿರುತ್ತೆ. ವ್ಯೂ ಮೆನುವಿನಲ್ಲಿ ಕ್ಲಿಪ್ಪಿಂಗ್ ತೋರಿಸು ಅನ್ನೋದನ್ನ ಆನ್ ಮಾಡಿ, ಒಡೆದ ಜಾಗಗಳಲ್ಲಿ ಕೆಂಪು ಗೆರೆ ಬರುತ್ತೆ. ದೊಡ್ಡದು ಮಾಡಿ ನೋಡಿದರೆ ಅಲೆಯ ತಲೆ ಕುಡುಗೋಲಿನಿಂದ ಸವರಿದಂಗೆ ಚಪ್ಪಟೆ ಇರುತ್ತೆ. ಅಲ್ಲೊಂದು ಇಲ್ಲೊಂದು ಇದ್ದರೆ ಕ್ಲಿಪ್ ಫಿಕ್ಸ್ ಎಫೆಕ್ಟ್ ಕೆಲಸ ಮಾಡುತ್ತೆ. ಪ್ರತಿ ಮೀಟಿಗೂ ಇದ್ದರೆ ಆ ಟೇಕ್ ಹೋಯ್ತು, ಮತ್ತೆ ನುಡಿಸಬೇಕು. ಕಳಕೊಂಡ ಆಕಾರ ಎಲ್ಲೂ ಉಳಿದಿರಲ್ಲ.

ಮತ್ತೆ ಮಾಡುವಾಗ: ಫೋನು ಒಂದು ಮೀಟರ್ ದೂರ, ಚರ್ಮದ ಎದುರಿಗೆ ಅಲ್ಲ, ಪಕ್ಕಕ್ಕೆ. ಬಯಲಿನಂಥ ಜಾಗದಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತೆ. ಎಲ್ಲಕ್ಕಿಂತ ಜೋರಿನ ಮೀಟು ಮೈನಸ್ 12 ಡೆಸಿಬೆಲ್ ಹತ್ತಿರ ಬರುವಂಗೆ ಇಟ್ಟುಕೊಳ್ಳಿ. ಕಮ್ಮಿ ಆಯ್ತು ಅಂತ ಭಯ ಬೇಡ, ಆಮೇಲೆ ಏರಿಸಬಹುದು.

ಎಲ್ಲರೂ ಎಡವೋ ಜಾಗ ಇನ್ನೊಂದಿದೆ. ಫೋನಿನ ಸಾದಾ ರೆಕಾರ್ಡರ್ ಮಾತಿಗಾಗಿ ಮಾಡಿದ್ದು. ಒಂದೇ ಸಮ ಕೇಳಿಸೋ ಸದ್ದನ್ನೆಲ್ಲ ಅದು ಗದ್ದಲ ಅಂದುಕೊಳ್ಳುತ್ತೆ. ಫ್ಯಾನ್ ಒಂದೇ ಸಮ, ಪೇಟಿಯ ಸುರ್ ಕೂಡ ಒಂದೇ ಸಮ. ಅದಕ್ಕೇ ಪೇಟಿಯ ಉದ್ದ ಸ್ವರ ಎರಡು ಮೂರು ಸೆಕೆಂಡ್ ಆದ ಮೇಲೆ ತಾನಾಗೇ ಸಣ್ಣ ಆಗುತ್ತೆ, ನಿಲ್ಲಿಸಿ ಮತ್ತೆ ಒತ್ತಿದರೆ ದೊಡ್ಡದು. ಬಾತಿ (ಪೇಟಿಗೆ ಗಾಳಿ ತುಂಬೋ ತಿದಿ) ಎಳೆದದ್ದು ಸರಿ ಇಲ್ಲ ಅಂತ ನಿಮ್ಮ ಕೈಯನ್ನ ಬೈದುಕೊಳ್ಳಬೇಡಿ. ಆಟೋ ಗೇನ್ ಮತ್ತು ನಾಯ್ಸ್ ಸಪ್ರೆಷನ್ ಆಫ್ ಮಾಡೋ ಆಯ್ಕೆ ಇರೋ ರೆಕಾರ್ಡರ್ ಹಾಕಿಕೊಳ್ಳಿ, ವೇವ್ ಕಡತವಾಗಿ ಉಳಿಸಿ. 44,100 ಹರ್ಟ್ಜ್, 16 ಬಿಟ್, ಮೋನೋ ಆದರೆ ನಿಮಿಷಕ್ಕೆ 5.3 ಎಂಬಿ ಅಷ್ಟೇ.

ಫ್ಯಾನು: ನೀವು ನಾಯ್ಸ್ ಪ್ರೊಫೈಲ್ (ತೆಗೆಯಬೇಕಾದ ಸದ್ದಿನ ಮಾದರಿ) ಎಲ್ಲಿಂದ ತಗೊಂಡಿರಿ? ಕಲ್ಲು ತಿರುಗುತ್ತಿರೋ ಜಾಗದಿಂದ ತಗೊಂಡಿದ್ದರೆ ಆಡಾಸಿಟಿ ಕಲ್ಲಿನ ಸದ್ದನ್ನೂ ಕಿತ್ತಿರುತ್ತೆ, ಅದರ ಜೊತೆ ದನಿಯ ಅರ್ಧ. ಕಲ್ಲು ಶುರುವಾಗೋಕೆ ಮುಂಚೆ ಬರೀ ಫ್ಯಾನ್ ಇರೋ ಒಂದೆರಡು ಸೆಕೆಂಡ್ ಮಾತ್ರ ಆಯ್ದುಕೊಳ್ಳಿ. ತೆಗೆಯೋ ಪ್ರಮಾಣ 6ರಿಂದ 9 ಡೆಸಿಬೆಲ್ ಸಾಕು. 20, 24 ಅಂತ ಎಳೆದರೆ ಆ ನೀರಿನ ಗುಳುಗುಳು ಬಂದೇ ಬರುತ್ತೆ. ಅದಕ್ಕೆ ಮುಂಚೆ 80 ಹರ್ಟ್ಜ್ ಕೆಳಗಿನದನ್ನ ಹೈ ಪಾಸ್ ಫಿಲ್ಟರಿನಿಂದ ಕತ್ತರಿಸಿ, ಹಾಡಿನ ಟ್ರ್ಯಾಕಿಗೆ ಮಾತ್ರ, ತಬಲಾಕ್ಕೆ ಬೇಡ. ಕರೆಂಟಿನ ಗುಂಯ್ 50 ಹರ್ಟ್ಜ್, ಅದು ಅಲ್ಲೇ ಕಮ್ಮಿಯಾಗುತ್ತೆ.

ಮುಂದಿನ ಸಲ ಫ್ಯಾನ್ ಆಫ್ ಮಾಡೋದೇ ಔಷಧ. ನಮ್ಮ ಕಡೆ ಮನೆಗಳು ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಬಂಡೆ, ಕೋಣೆ ಗಂಟೆಯಂಗೆ ಮೊಳಗುತ್ತೆ. ಎರಡು ದಪ್ಪ ಕೌದಿ ಹಾಡುವವರ ಹಿಂದೆ ಹಗ್ಗಕ್ಕೆ, ಗೋಡೆಯಿಂದ ಗೇಣು ದೂರಕ್ಕೆ, ಒಂದು ಕೌದಿ ನೆಲಕ್ಕೆ. ಕಲ್ಲಿನ ಕೆಳಗೆ ಗೋಣಿಚೀಲ ಹಾಕಿ, ಅದುರು ನೆಲದಿಂದ ಫೋನಿಗೆ ಹತ್ತಬಾರದು. ಫೋನನ್ನ ಅದೇ ನೆಲದ ಮೇಲೆ ಇಡಲೇಬೇಡಿ.

5ನೆಯದು ತಪ್ಪೇ ಅಲ್ಲ. ಡಗ್ಗಾದ ಮೂಲ ನಾದ ಸುಮಾರು 100 ಹರ್ಟ್ಜ್ ಆಸುಪಾಸು, ಫೋನಿನ ಬೆರಳಗಲದ ಸ್ಪೀಕರಿಗೆ ಅಷ್ಟು ಕೆಳಗಿನ ಗಾಳಿಯನ್ನ ತಳ್ಳೋ ಶಕ್ತಿ ಇಲ್ಲ. ಫೋನಲ್ಲಿ ಕೇಳಿ ಡಗ್ಗಾ ಕಮ್ಮಿ ಅಂತ ಏರಿಸಿದಿರಿ, ಸಾಲಿಯ ಬಾಕ್ಸಿನಲ್ಲಿ ಅದು ಮೈಮೇಲೆ ಬಂತು. ಹದವನ್ನ ತಂತಿಯ ಇಯರ್‌ಫೋನಲ್ಲಿ ನೋಡಿ, ಆಮೇಲೆ ಬಾಕ್ಸ್, ಕೊನೆಗೆ ಫೋನು. ಫೋನಲ್ಲಿ ಡಗ್ಗಾ ಅಲ್ಲ, ಹಾಡಿನ ಮಾತು ಬಿಡಿಯಾಗಿ ಕೇಳುತ್ತಾ ಅಂತ ಮಾತ್ರ ನೋಡಿ.

---

ಕುಷ್ಟಗಿ_ಕಡೆಯಾಕಿ

ಇಷ್ಟು ಬಿಡಿಸಿ ಹೇಳಿದ್ದಕ್ಕ ಎಲ್ಲಾರಿಗೂ ದೊಡ್ಡ ಶರಣ್ರಿ. ಅಳತಿ ತಗೊಂಡೆ.

ನಾಲ್ಕು ನುಡಿಯ ಸಾ: 233, 236, 241, 246 ಹರ್ಟ್ಜ್.

ಕಲ್ಲು ಎರಡು ಮಾತ್ರೆಗೆ ಒಂದು ಸುತ್ತು, 84ರ ಲೆಕ್ಕದಾಗ 1.43 ಸೆಕೆಂಡ್ ಬರಬೇಕು. ಡಗ್ಗಾ ಅಣ್ಣಾರು ಹೇಳಿದ್ದು ಖರೇ ಐತ್ರಿ. ಹಿಡಿ ಜೋಳ ಹಾಕಿದ ಜಾಗದಾಗ ಒಂದು ಸುತ್ತು 1.6ರ ಮಟ ಹೋಗೈತಿ. 2 ಮತ್ತ 3ನೇ ನುಡಿಯೊಳಗ 1.40ಕ್ಕೆ ಇಳದೈತಿ. ಅಂದ್ರ ತಡ ಒಂದೇ ಸಮ ಏರಿಲ್ಲ, 31 ಮಿಲಿಸೆಕೆಂಡಿನ ಲೆಕ್ಕ ಎಲ್ಲಾ ಕಡೆ ಕೂಡಂಗಿಲ್ಲ.

ನಾಯ್ಸ್ ಪ್ರೊಫೈಲ್ ಕಲ್ಲು ತಿರುಗೋ ಜಾಗದಿಂದನ ತಗೊಂಡಿದ್ದೆ, 24 ಡೆಸಿಬೆಲ್. ಚೌಡಿಕೆ ಪ್ರತಿ ಮೀಟಿಗೂ ಕೆಂಪು.

ನುಡಿಗಳನ್ನ ಒಂದೇ ಶ್ರುತಿಗೆ ಇಳಿಸಲೇನ್ರಿ? ಬರಹ ಹೆಂಗ ಶುರು ಮಾಡ್ಲಿ?

---

ಡಗ್ಗಾ_ರಾಯಚೂರು

ಕೂಡಂಗಿಲ್ಲ ಅಂದ್ರ ನನ್ನ ಸರಾಸರಿ ಬಿಡು, ನಿನ್ನ ಅಳತಿನೇ ಸರಿ. ಕಾಳು ಹಾಕಿದ ಪ್ರತಿ ಜಾಗದ ಮುಂದಿನ ಸಮ್‌ಗೆ ಒಂದು ಕತ್ತರಿ, ಅಲ್ಲಿ ತಬಲಾ ಹಿಂದಕ್ಕ ಹೋಗಬೇಕಾದ್ರ ನಡುವ ಸಣ್ಣ ಖಾಲಿ ಬೀಳ್ತದ. ಬೀಳ್ಲಿ. ಕಾಳು ಹಾಕೋ ಕೈಗೆ ತಬಲಾ ಒಂದು ಉಸಿರು ನಿಂತಂಗ ಕೇಳ್ತದ, ಛಂದ ಆಗ್ತದ. 2 ಮತ್ತ 3ನೇ ನುಡಿಯೊಳಗ ಎರಡೆರಡು ಆವರ್ತನಕ್ಕ ಕತ್ತರಿಸು.

ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅವರ ಬುರ್ರಕಥೆ ಧ್ವನಿಮುದ್ರಣ ಸಿಕ್ರ ಕೇಳು. ಕಥೆ ಹೇಳೋರ ಉಸಿರು ನೋಡಿ ಪಕ್ಕದೋರು ಪೆಟ್ಟು ಹಾಕ್ತಾರ, ಮುಂದ ಓಡಂಗಿಲ್ಲ. ನಿನ್ನ ತಬಲಾಕ್ಕೂ ಅದೇ ಕೆಲಸ.

---

ಸಾಲಿ_ಪಡಸಾಲಿ_ಕೊಪ್ಪಳ

ಅವಲೋಕನ ಬರಹದ ಬಗ್ಗೆ ಹೇಳುತ್ತೇನೆ, ಶ್ರುತಿಯ ವಿಷಯವೂ ಅದರೊಳಗೇ ಬರುತ್ತದೆ.

ತಪ್ಪು ಬರೆದರೆ ಅಂಕ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಹೋಗುವುದು ತಪ್ಪು ಬರೆದದ್ದಕ್ಕಲ್ಲ, ಕಾರಣ ಬರೆಯದೆ ಬಿಟ್ಟದ್ದಕ್ಕೆ. ನಿಮ್ಮ ಮೊದಲ ಪೋಸ್ಟಿನ ಐದು ಸಾಲು ದೂರು. ಎರಡನೇ ಪೋಸ್ಟಿನ ಅಳತೆಗಳು ಅವಲೋಕನ. ಟೀಚರ್ ಕೇಳಿದ್ದು ಇದನ್ನೇ. 233, 236, 241, 246: ಈ ನಾಲ್ಕು ಅಂಕಿಯ ಕೋಷ್ಟಕ ಬರಹದ ಮೊದಲ ಪುಟದಲ್ಲೇ ಇರಲಿ.

ಒಂದು ವಾಕ್ಯವನ್ನು ಹೇಗೆ ತಿದ್ದಬಹುದು ನೋಡಿ.

ಕರಡು: "ಈ ಪ್ರಾಜೆಕ್ಟಿನಿಂದ ತಾಳ್ಮೆ ಎಷ್ಟು ಮುಖ್ಯ ಎಂದು ಕಲಿತೆ."

ತಿದ್ದಿದ್ದು: "ಮೆಟ್ರೋನೋಮನ್ನು 84ಕ್ಕೆ ಇಟ್ಟು ತಬಲಾ ನುಡಿಸಿದೆ. ಕೊನೆಗೆ ಅರ್ಧ ಮಾತ್ರೆ ತಡವಾಯಿತು. ಬೀಸುಕಲ್ಲಿನ ಸುತ್ತುಗಳನ್ನು ಅಳೆದಾಗ ಕಾಳು ಹಾಕುವಲ್ಲಿ ಸುತ್ತು 1.6 ಸೆಕೆಂಡಿಗೆ ಹಿಗ್ಗಿ, ಮುಂದಿನ ನುಡಿಗಳಲ್ಲಿ 1.40ಕ್ಕೆ ಕುಗ್ಗಿದ್ದು ಕಂಡಿತು. ಈ ಪದದ ತಾಳ ಹಿಡಿದಿರುವುದು ಕಲ್ಲು. ಅದನ್ನು ಕೇಳದೆ ನಾನು ಹೊರಗಿನಿಂದ ಲಯ ತಂದೆ. ಎರಡನೇ ಆವೃತ್ತಿಯಲ್ಲಿ ತಬಲಾವನ್ನು ಕಲ್ಲಿಗೆ ಕೂಡಿಸಿದ್ದೇನೆ."

ತಾಳ್ಮೆ ಎಂಬ ಮಾತು ಇಲ್ಲಿ ಎಲ್ಲೂ ಇಲ್ಲ, ಓದಿದವರಿಗೆ ಅದು ತಾನಾಗಿ ಗೊತ್ತಾಗುತ್ತದೆ. 1000 ಪದದಲ್ಲಿ ಐದೂ ತಪ್ಪಿಗೆ ಸಮನಾಗಿ ಹಂಚಬೇಡಿ. ಲಯ ಮತ್ತು ಶ್ರುತಿಗೆ ತಲಾ 300 ಕೊಡಿ, ಅವೇ ನಿಮ್ಮ ಪ್ರಾಜೆಕ್ಟಿನ ತಿರುಳು. ಚೌಡಿಕೆ, ಫ್ಯಾನು, ಡಗ್ಗಾ ಮೂರೂ ಸೇರಿ 150ರೊಳಗೆ ಮುಗಿಯಲಿ. ಉಳಿದದ್ದು ಮುಂದೆ ಹೇಳುವ ವಿಷಯಕ್ಕೆ ಬೇಕು.

ನುಡಿಗಳನ್ನು ಒಂದೇ ಶ್ರುತಿಗೆ ಇಳಿಸುವ ವಿಷಯದಲ್ಲಿ ಪೇಟಿಯವರ ಜೊತೆ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ತಾಂತ್ರಿಕವಾಗಿ ಅವರು ಹೇಳಿದ್ದು ಸರಿ: ಎರಡನೇ ನುಡಿಗೆ ಮೈನಸ್ 0.22, ಮೂರನೆಯದಕ್ಕೆ ಮೈನಸ್ 0.58, ನಾಲ್ಕನೆಯದಕ್ಕೆ ಮೈನಸ್ 0.94 ಸೆಮಿಟೋನ್ ಹಾಕಿದರೆ ಎಲ್ಲ 233ಕ್ಕೆ ಬರುತ್ತವೆ, ದನಿಯೂ ಕೆಡುವುದಿಲ್ಲ. ಆದರೆ ಏರುವ ಶ್ರುತಿ ಆ ಹಾಡಿನ ಮೈ. ಮೂವರೂ ಒಟ್ಟಿಗೆ ಏರಿದ್ದಾರೆ, ಒಬ್ಬರೂ ಹಿಂದೆ ಉಳಿದಿಲ್ಲ. ಅದನ್ನು ಹಾಗೇ ಬಿಟ್ಟು ಪಕ್ಕವಾದ್ಯವನ್ನೇ ಏರಿಸುವ ದಾರಿಯೂ ಇದೆ. ಚೌಡಿಕೆಯನ್ನು ಹೇಗೂ ಮತ್ತೆ ನುಡಿಸಬೇಕು. ಅದರ ತಂತಿಯನ್ನು ಬಿಗಿದು ಸಡಿಲಿಸಿ ಬೇಕಾದ ಶ್ರುತಿಗೆ ತರಬಹುದು, ಪ್ರತಿ ನುಡಿಗೂ ಬೇರೆ ಟೇಕ್ ಮಾಡಿ ಆಯಾ ನುಡಿಯ ಸಾಗೆ ಕೂಡಿಸಿ. ತಂಬೂರಿ ಆ್ಯಪಿನಲ್ಲೂ ಸೂಕ್ಷ್ಮವಾಗಿ ಏರಿಸುವ ಗುಂಡಿ ಇದ್ದರೆ 22, 58, 94 ಸೆಂಟ್ (ಸೆಮಿಟೋನಿನ ನೂರನೇ ಭಾಗ) ಏರಿಸಿ. ಪೇಟಿಗೆ ಮಾತ್ರ ಇದು ಸಾಧ್ಯವಿಲ್ಲ, ಅದರ ರೀಡು ಕದಲುವುದಿಲ್ಲ. ಹಾಡಿನ ಕೆಳಗಿನಿಂದ ಪೇಟಿ ತೆಗೆದು, ನೀವು ಕಟ್ಟಿದ ನಡುವಿನ ತುಣುಕುಗಳಲ್ಲಿ ಮಾತ್ರ ಇಡಿ. ಆ ತುಣುಕನ್ನು ಆಡಾಸಿಟಿಯಲ್ಲಿ ಮುಂದಿನ ನುಡಿಯ ಶ್ರುತಿಗೆ ಎತ್ತಿಕೊಳ್ಳಿ. ವಾದ್ಯದ ನಾದ ಒಂದು ಪಟ್ಟಿಯೊಳಗಿನ ಬದಲಾವಣೆಯನ್ನು ತಡೆದುಕೊಳ್ಳುತ್ತದೆ.

ಯಾವ ದಾರಿ ಹಿಡಿದರೂ ಯಾಕೆ ಹಿಡಿದಿರಿ ಎಂಬುದು ಬರಹದಲ್ಲಿ ಇರಲೇಬೇಕು. ಮೌಖಿಕದಲ್ಲಿ ಬರುವ ಮೊದಲ ಪ್ರಶ್ನೆಯೇ ಅದು.

ಇನ್ನು ನಿಮ್ಮದು ಯಾವುದು, ಹಿರಿಯರದು ಯಾವುದು. ಇದನ್ನು ಕಲಸಬೇಡಿ. ಪದ ಮತ್ತು ಧಾಟಿ ಅವರದು, ನಡುವಿನ ತುಣುಕು, ಮುಕ್ತಾಯ, ಜೋಡಣೆ ನಿಮ್ಮದು. ಮೂವರ ಹೆಸರು, ಊರು, ಹಾಡಿದ ದಿನ, ಬೀಸುತ್ತ ಹಾಡಿದ್ದು ಎಂಬುದು, ಶಾಲೆಯಲ್ಲಿ ಕೇಳಿಸಲು ಅವರು ಒಪ್ಪಿದ್ದು, ಇಷ್ಟೂ ಶಾಲೆಗೆ ಕೊಡುವ ಪ್ರತಿಯ ಕೊನೆಯ ಪುಟದಲ್ಲಿರಲಿ. ಅಂತರ್ಜಾಲಕ್ಕೆ ಹಾಕುವುದಾದರೆ ಅದಕ್ಕೆ ಬೇರೆಯಾಗಿ ಕೇಳಬೇಕು. ತರಗತಿಯಲ್ಲಿ ಕೇಳಿಸಲು ಹೂಂ ಅಂದವರು ಊರಿಗೆಲ್ಲ ಕೇಳಿಸಲು ಹೂಂ ಅಂದಂತಲ್ಲ. ಚೌಡಿಕೆ ನುಡಿಸಿದವರಿಗೂ ಇದೇ ಮಾತು. ಅದು ಅವರಿಗೆ ದೇವಿಯ ವಾದ್ಯ, ಬೀಸುಕಲ್ಲಿನ ಪದದ ಜೊತೆ ನುಡಿಸುತ್ತಿದ್ದೇವೆ ಎಂದು ಹೇಳಿಯೇ ಕೇಳಿರಬೇಕು.

ಸ್ವರಲಿಪಿ ಸೇರಿಸಿ, ಒಂದು ನುಡಿಯದು ಸಾಕು. ಭಾತಖಂಡೆ ಪದ್ಧತಿಯಲ್ಲಿ ಕೋಮಲ ಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮದ ಮೇಲೆ ನೆಟ್ಟಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕಿ, ತಾರಕ್ಕೆ ಮೇಲೆ ಚುಕ್ಕಿ. ಎಂಟು ಮಾತ್ರೆಯ ಸಾಲು, ಮೊದಲನೆಯದಕ್ಕೆ ಗುಣಾಕಾರದ ಗುರುತು, ಐದನೆಯದಕ್ಕೆ ಸೊನ್ನೆ. ಕಾಳು ಹಾಕುವ ಜಾಗಕ್ಕೆ ನಿಮ್ಮದೇ ಒಂದು ಗುರುತು ಮಾಡಿಕೊಳ್ಳಿ. ಧಾಟಿಗೆ ರಾಗದ ಹೆಸರು ಅಂಟಿಸಬೇಡಿ. ಐದು ಸ್ವರದಲ್ಲಿ ಸುತ್ತುವ ಪದಕ್ಕೆ ರಾಗ ಹೇಳಹೊರಟರೆ ಮೌಖಿಕದಲ್ಲಿ ಆರೋಹ, ವಾದಿ, ಸಂವಾದಿ ಎಂದು ಕೇಳುತ್ತಾರೆ, ಆಗ ಹಾಡಿನ ಮಾತೇ ಬಿಟ್ಟುಹೋಗುತ್ತದೆ. ಬಳಸಿದ ಸ್ವರ ಇವು, ನಿಲ್ಲುವ ಸ್ವರ ಇದು ಎಂದರೆ ಸಾಕು.

---

ಪೇಟಿ_ಬಳ್ಳಾರಿ

ಕೊಪ್ಪಳದವರ ಮಾತು ಒಪ್ಪಿದೆ. ಮೂವರೂ ಕೂಡಿಯೇ ಏರಿದ್ದಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಪೇಟಿ ನಡುವಿನ ತುಣುಕಿಗೆ ಮಾತ್ರ ಇರಲಿ. ತುಣುಕಿನ ಕೊನೆಯ ಸ್ವರವನ್ನು ಸಾ ಮೇಲೆ ಎರಡು ಮಾತ್ರೆ ನಿಲ್ಲಿಸಿ, ಚೌಡಿಕೆ ಅಲ್ಲಿಂದ ಎತ್ತಿಕೊಳ್ಳಲಿ. ಹಳೆಯ ನುಡಿಯ ಶ್ರುತಿ ಕಿವಿಯಿಂದ ಇಳಿದು ಹೊಸದು ಕೂರಲು ಅಷ್ಟು ಹೊತ್ತು ಬೇಕು.

---

ಕೌದಿ_ಕಟ್ಟಿದ_ಕೋಣೆ

ಕಡತ ಕೊಡೋ ವಿಷಯ ಉಳೀತು. ಮೂಲ ಟೇಕ್, ಮೊದಲ ಆವೃತ್ತಿ, ಎರಡನೇ ಆವೃತ್ತಿ ಮೂರೂ ಒಂದೇ ಫೋಲ್ಡರಿನಲ್ಲಿ, ಹೆಸರಿನ ಮುಂದೆ 1, 2, 3 ಹಾಕಿ. ಮೂಲದ ಮೇಲೆ ಯಾವ ಎಫೆಕ್ಟೂ ಹಾಕಬೇಡಿ, ಪ್ರತಿ ತೆಗೆದು ಅದರ ಮೇಲೆ ಕೆಲಸ ಮಾಡಿ. ಎರಡನೇ ಆವೃತ್ತಿಯ ಅತಿ ಎತ್ತರದ ಶಿಖರ ಮೈನಸ್ 1 ಡೆಸಿಬೆಲ್ ದಾಟದಂಗೆ ನೋಡಿಕೊಂಡು ಸ್ಟೀರಿಯೋ ವೇವ್ ತೆಗೆಯಿರಿ, 4 ನಿಮಿಷ 20 ಸೆಕೆಂಡಿಗೆ 46 ಎಂಬಿ ಆಗುತ್ತೆ. ಪೆನ್ ಡ್ರೈವಿನಲ್ಲಿ ಕೊಡೋದು ಒಳ್ಳೇದು. ವಾಟ್ಸಾಪಲ್ಲೇ ಕಳಿಸೋದಾದರೆ ವಾಯ್ಸ್ ಮೆಸೇಜ್ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಮೌಖಿಕಕ್ಕೆ ಮೊದಲನೇ ಮತ್ತು ಎರಡನೇ ಆವೃತ್ತಿಯಿಂದ ಕಾಳು ಹಾಕೋ ಒಂದೇ ಜಾಗದ 20 ಸೆಕೆಂಡಿನ ಎರಡು ತುಣುಕು ಬೇರೆಯಾಗಿ ಕತ್ತರಿಸಿಟ್ಟುಕೊಳ್ಳಿ, ಒಂದರ ಹಿಂದೆ ಒಂದು ಕೇಳಿಸೋಕೆ. ಸಾಲಿ ಬಾಕ್ಸಿನಲ್ಲಿ ಹಿಂದಿನ ದಿನವೇ ಒಮ್ಮೆ ಹಾಕಿ ನೋಡಿ, ಬಾಸ್ ಗುಂಡಿ ನಡುವಿಗೆ ತಿರುಗಿಸಿ.